ಕ್ಯಾಡ್ ಡ್ರಾಯಿಂಗ್‌ನಲ್ಲಿ ಅಳತೆ ಯಾಕೆ ತಾಳೆ ಆಗಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮನೆ ಪ್ಲಾನ್, ಲೇಔಟ್, ದಾಲ್ ಮಿಲ್ ಶೆಡ್ಡು ಅಂತ ದಿನವಿಡೀ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಮುಂದೆ ಕೂರುವವರು, ಬೀದರ್, ಯಾದಗಿರಿಯಿಂದ ಫೈಲ್ ಕಳಿಸಿ ಆಮೇಲೆ ಫೋನ್ ಮಾಡುವವರು, ಡಿಪ್ಲೊಮಾ ಮುಗಿಸಿ ಈಗ ಕೆಲಸ ಕಲಿಯುತ್ತಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗಳು ಜಾಸ್ತಿ ಆಟೋಕ್ಯಾಡ್‌ನವು. ಬೇರೆ ಸಾಫ್ಟ್‌ವೇರ್ ಆದರೂ ವಿಷಯ ಅದೇ, ಕಮಾಂಡಿನ ಹೆಸರು ಮಾತ್ರ ಬೇರೆ.

ಬಿಡಿ ಅಳತೆಗಳನ್ನು ಕೂಡಿಸಿದರೆ ಒಟ್ಟು ಅಳತೆ ಬರುತ್ತಿಲ್ಲ. ಸಾಫ್ಟ್‌ವೇರ್ ತಪ್ಪಾ?

ಅಲ್ಲ. 4 ಮೀಟರ್ ಅಗಲದ ಹಾಲ್‌ಗೆ ಶಹಾಬಾದ್ ಫರ್ಸಿಯ ಏಳು ಸಮ ಸಾಲು ಹಾಕಿದ್ದೀರಿ ಅಂದುಕೊಳ್ಳಿ. ಒಂದೊಂದು ಸಾಲು 571.428571... ಮಿಲಿಮೀಟರ್. ಡೈಮೆನ್ಷನ್‌ನಲ್ಲಿ, ಅಂದರೆ ಗೆರೆಯ ಪಕ್ಕ ಬರೆದು ತೋರಿಸುವ ಅಳತೆಯಲ್ಲಿ, ದಶಮಾಂಶ ಸೊನ್ನೆ ಇಟ್ಟಿದ್ದರೆ ಪ್ರತಿ ಸಾಲಿಗೂ 571 ಅಂತ ಬರುತ್ತದೆ. ಒಟ್ಟು ಅಳತೆ 4000 ಅಂತಲೇ ಬರುತ್ತದೆ. ಗೌಂಡಿ ಮೊಬೈಲ್ ತೆಗೆದು 571ನ್ನು ಏಳರಿಂದ ಗುಣಿಸುತ್ತಾನೆ. 3997. "ಮೂರು ಎಂಎಂ ಎಲ್ಲಿ ಹೋಯ್ತು ಸಾಹೇಬ್ರ?"

ಎಲ್ಲೂ ಹೋಗಿಲ್ಲ. ಕಂಪ್ಯೂಟರ್ ಒಳಗೆ ಏಳೂ ಸಾಲು ಸೇರಿ 4000ವೇ ಇದೆ. ಬರೆದು ತೋರಿಸುವಾಗ ಒಂದೊಂದರ ಬಾಲವೂ ಕತ್ತರಿಸಿದೆ. ಒಂದು ದಶಮಾಂಶ ಜಾಸ್ತಿ ಮಾಡಿದರೆ 571.4 ಆಗುತ್ತದೆ, ಮೊತ್ತ 3999.8. ಆಗಲೂ ಪೂರ್ತಿ ತಾಳೆ ಇಲ್ಲ. ಇನ್ನೂ ನಾಲ್ಕು ದಶಮಾಂಶ ಸೇರಿಸಿದರೆ ಗೌಂಡಿ ಆ ಹಾಳೆಯನ್ನು ನೋಡುವುದೇ ಇಲ್ಲ. ಇಂಥ ಕಡೆ ಬಿಡಿ ಅಳತೆ ಬರೆಯಬೇಡಿ. "ಏಳು ಸಮ ಸಾಲು, ಒಟ್ಟು 4000" ಅಂತ ಬರೆಯಿರಿ. ಇಲ್ಲವಾದರೆ ಒಂದು ತುದಿಯ ಸಾಲಿಗೆ ಅಳತೆ ಕೊಡದೆ ಬಿಡಿ, ಉಳಿದಿದ್ದು ಅಲ್ಲಿಗೆ ಹೋಗುತ್ತದೆ. ಹೇಗಿದ್ದರೂ ಕಲ್ಲಿನ ನಡುವೆ ಸಂದು ಬರುತ್ತದೆ, ಅಂಚು ಹೊಡೆದ ಕಲ್ಲು ಒಂದರ ಹಾಗೆ ಇನ್ನೊಂದು ಇರಲ್ಲ.

ಹಾಗಾದರೆ ನಿಜವಾದ ಅಂಕಿ ಎಲ್ಲಿದೆ?

ಫೈಲ್ ಒಳಗೆ. ಆಟೋಕ್ಯಾಡ್ ಪ್ರತಿ ಕೋಆರ್ಡಿನೇಟನ್ನೂ (ಬಿಂದು ಎಲ್ಲಿದೆ ಅಂತ ಹೇಳುವ ಅಂಕಿ) 64 ಬಿಟ್ ಸಂಖ್ಯೆಯಾಗಿ ಇಡುತ್ತದೆ. ಇದರ ನಿಯಮ ಐಇಇಇ 754 ಎಂಬ ಮಾನದಂಡದ್ದು, ಮೊದಲು ಬಂದಿದ್ದು 1985ರಲ್ಲಿ. ಇದರಲ್ಲಿ ಸುಮಾರು 15ರಿಂದ 16 ಅಂಕಿಗಳ ನಿಖರತೆ ಸಿಗುತ್ತದೆ. ಗಮನಿಸಿ, ಇದು ದಶಮಾಂಶ ಬಿಂದುವಿನ ನಂತರದ ಅಂಕಿಗಳ ಲೆಕ್ಕವಲ್ಲ. ಒಟ್ಟು ಅಂಕಿಗಳ ಲೆಕ್ಕ. ಬಿಂದುವಿನ ಎಡಕ್ಕೆ ಜಾಸ್ತಿ ಖರ್ಚಾದರೆ ಬಲಕ್ಕೆ ಕಡಿಮೆ ಉಳಿಯುತ್ತದೆ.

ಯೂನಿಟ್ಸ್ ಕಮಾಂಡಿನಲ್ಲಿ ನೀವು ಬದಲಿಸುವ "ಪ್ರಿಸಿಷನ್" ಬರೀ ತೋರಿಸುವ ರೀತಿ. ಅದನ್ನು ಎಲ್-ಯು-ಪಿ-ಆರ್-ಇ-ಸಿ ಅಂತ ಟೈಪ್ ಮಾಡಿಯೂ ಬದಲಿಸಬಹುದು. 0ಯಿಂದ 8ರವರೆಗೆ ಇಡಬಹುದು. 0 ಇಟ್ಟರೂ 8 ಇಟ್ಟರೂ ಗೆರೆ ಒಂದು ಕೂದಲಷ್ಟೂ ಅಲುಗಲ್ಲ.

ತೊಂದರೆ ಶುರುವಾಗುವುದು ಪರದೆ ಮೇಲಿನ ಅಂಕಿ ನೋಡಿ ಅದನ್ನೇ ಮತ್ತೆ ಟೈಪ್ ಮಾಡಿದಾಗ. ಒಳಗೆ 571.428571 ಇತ್ತು, ನೀವು 571 ಅಂತ ಹೊಡೆದು ಇನ್ನೊಂದು ಗೆರೆ ಎಳೆದಿರಿ. ಈಗ ಬಾಲ ನಿಜವಾಗಿಯೂ ಹೋಯಿತು. ನಮ್ಮ ಹತ್ತಿರ ಬರುವ "ನಿಖರತೆಯ" ದೂರುಗಳಲ್ಲಿ ಬಹುಪಾಲು ಇದೇ. ಇರುವ ಬಿಂದುವಿನಿಂದ ಆಬ್ಜೆಕ್ಟ್ ಸ್ನ್ಯಾಪ್ (ಕರ್ಸರ್ ಬಿಂದುವಿಗೇ ಸರಿಯಾಗಿ ಅಂಟುವ ಸೌಲಭ್ಯ) ಹಿಡಿದು ಎಳೆಯಿರಿ, ಅಂಕಿ ನೋಡಿ ಎಳೆಯಬೇಡಿ.

ಡೈಮೆನ್ಷನ್ ಒಂದು ಹೇಳುತ್ತದೆ, ಎರಡು ಬಿಂದುವಿನ ದೂರ ತೋರಿಸುವ ಡಿಸ್ಟ್ ಕಮಾಂಡ್ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬೋದು?

ಮೊದಲು ಝಡ್, ಅಂದರೆ ಎತ್ತರದ ಅಂಕಿ ನೋಡಿ. ಟೋಟಲ್ ಸ್ಟೇಷನ್‌ನಿಂದ (ಸರ್ವೇ ಮಾಡುವ ಉಪಕರಣ) ಬಂದ ಬಿಂದುಗಳಿಗೆ ಎತ್ತರವೂ ಇರುತ್ತದೆ. ಎರಡು ಬಿಂದು ನೆಲದ ಮೇಲೆ 10 ಮೀಟರ್ ದೂರ, ಎತ್ತರದಲ್ಲಿ 45 ಸೆಂಟಿಮೀಟರ್ ವ್ಯತ್ಯಾಸ ಅಂದರೆ ಡಿಸ್ಟ್ 10.01 ತೋರಿಸುತ್ತದೆ. ಅದು ಇಳಿಜಾರಿನ ಉದ್ದ. ಅಡ್ಡಡ್ಡ ಹಾಕಿದ ಡೈಮೆನ್ಷನ್ 10.00 ತೋರಿಸುತ್ತದೆ. ಎರಡೂ ಸರಿ. ಕೆಲವೊಮ್ಮೆ ಒಂದು ಬಿಂದು 454 ಮೀಟರ್ ಎತ್ತರದಲ್ಲಿ, ಅಂದರೆ ಕಲಬುರಗಿಯ ನೆಲದ ಮಟ್ಟದಲ್ಲಿ ಇರುತ್ತದೆ. ನೀವು ಎಳೆದ ಇನ್ನೊಂದು ಬಿಂದು ಸೊನ್ನೆಯಲ್ಲಿ ಇರುತ್ತದೆ. ಆಗ 10 ಮೀಟರ್ ಗೋಡೆ 454.11 ಮೀಟರ್ ಅಂತ ಬರುತ್ತದೆ. ಅಷ್ಟು ದೊಡ್ಡ ತಪ್ಪು ಯಾರಿಗಾದರೂ ಕಾಣಿಸುತ್ತದೆ. 10.01 ಕಾಣಿಸಲ್ಲ, ಅದೇ ಕಷ್ಟ.

ಝಡ್ ಸರಿ ಇದ್ದರೆ ಡೈಮೆನ್ಷನ್ ಸ್ಟೈಲ್ ತೆರೆಯಿರಿ. ಅಲ್ಲಿ "ರೌಂಡ್ ಆಫ್" ಜಾಗದಲ್ಲಿ ಯಾರೋ 5 ಇಟ್ಟಿರಬಹುದು. ಆಗ 2303 ಇದ್ದಿದ್ದು 2305 ಆಗಿ ಕಾಣುತ್ತದೆ. ಸ್ಕೇಲ್ ಫ್ಯಾಕ್ಟರ್ 1 ಅಲ್ಲದೆ ಬೇರೇನಾದರೂ ಇರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ ಕೈಯಲ್ಲೇ ಅಂಕಿ ಬರೆದಿರುವುದು. ಗೆರೆ 2950 ಇದ್ದು "3000" ಅಂತ ಬರೆದಿರುತ್ತಾರೆ. ಆಮೇಲೆ ಗೋಡೆ ಎಷ್ಟು ಸರಿಸಿದರೂ ಅದು 3000ವೇ. ಹೊರಗಿನಿಂದ ಬಂದ ಫೈಲ್ ಕೈಗೆ ಸಿಕ್ಕ ಕೂಡಲೇ ಕ್ಯೂಸೆಲೆಕ್ಟ್‌ನಲ್ಲಿ ಡೈಮೆನ್ಷನ್ ಆರಿಸಿ, "ಟೆಕ್ಸ್ಟ್ ಓವರ್‌ರೈಡ್" ಖಾಲಿ ಇಲ್ಲದವನ್ನು ಹುಡುಕಿ. ಇದನ್ನು ಮಾಡದೆ ಕೆಲಸ ಶುರು ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

0.1 ಮತ್ತು 0.2 ಕೂಡಿಸಿದರೆ 0.3 ಬರಲ್ಲ ಅಂತಾರಲ್ಲ, ನಿಜಾನಾ?

ನಿಜ. 64 ಬಿಟ್ ಲೆಕ್ಕದಲ್ಲಿ 0.30000000000000004 ಬರುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುತ್ತದೆ. ಅರ್ಧ, ಕಾಲು, ಅರೆಕಾಲು ಇವೆಲ್ಲ ಅದಕ್ಕೆ ಪೂರ್ತಿ ದಕ್ಕುತ್ತವೆ. ಹತ್ತನೇ ಒಂದು ಭಾಗ ದಕ್ಕಲ್ಲ. ನಾವು ಮೂರನೇ ಒಂದು ಭಾಗವನ್ನು 0.3333 ಅಂತ ಬರೆಯುತ್ತಾ ಹೋಗಿ ಎಲ್ಲೋ ನಿಲ್ಲಿಸುತ್ತೇವಲ್ಲ, ಅದೂ 0.1ನ್ನು ಹಾಗೇ ಎಲ್ಲೋ ನಿಲ್ಲಿಸುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ಬಡಗಿಗಳು, ವೆಲ್ಡರ್‌ಗಳು ಸೂತ್ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ, 0.125. ಅದು ಕಂಪ್ಯೂಟರ್ ಒಳಗೆ ಒಂದಿಷ್ಟೂ ಕತ್ತರಿಸದೆ ಕೂರುತ್ತದೆ. ಶಾಲೆಯಲ್ಲಿ ಕಲಿತ 0.1 ಮೀಟರ್ ಕೂರಲ್ಲ. ಆದರೆ ಈ ವ್ಯತ್ಯಾಸ ಹದಿನೇಳನೇ ಅಂಕಿಯಲ್ಲಿ. ಗೋಡೆ ಕಟ್ಟುವವರಿಗೆ ಇದರಿಂದ ಏನೂ ಆಗಲ್ಲ. "ಇವು ಎರಡೂ ಸಮವಾ?" ಅಂತ ಸಾಫ್ಟ್‌ವೇರ್ ಕೇಳಿಕೊಳ್ಳುವ ಜಾಗದಲ್ಲಿ ಮಾತ್ರ ಇದು ಕಾಡುತ್ತದೆ.

ಹ್ಯಾಚ್ (ಮುಚ್ಚಿದ ಜಾಗದ ಒಳಗೆ ಗೆರೆ ತುಂಬುವುದು) ಹಾಕಿದರೆ "ಬೌಂಡರಿ ಮುಚ್ಚಿಲ್ಲ" ಅಂತ ಬರುತ್ತದೆ. ಕಣ್ಣಿಗೆ ಮೂಲೆ ಪೂರ್ತಿ ಸೇರಿದೆ.

ಇದೇ ಆ ಜಾಗ. ಎರಡು ಗೆರೆಯ ತುದಿ 0.0000003 ದೂರ ಇದ್ದರೂ ಅವು ಬೇರೆ ಬೇರೆ ಬಿಂದುಗಳೇ. ತಿರುಗಿಸಿದಾಗ, ಅಳತೆ ಬದಲಿಸಿದಾಗ, ಬೇರೆ ಸಾಫ್ಟ್‌ವೇರ್‌ನಿಂದ ತಂದಾಗ ಇಂಥ ಬಿರುಕು ಹುಟ್ಟುತ್ತದೆ. 90 ಡಿಗ್ರಿ ತಿರುಗಿಸಿದರೆ ಸಾಕು, 90 ಡಿಗ್ರಿಯ ಕೊಸೈನ್ ಗಣಿತದಲ್ಲಿ ಸೊನ್ನೆ, ಕಂಪ್ಯೂಟರ್ ಲೆಕ್ಕದಲ್ಲಿ ಸೊನ್ನೆಗೆ ತೀರಾ ಹತ್ತಿರದ ಒಂದು ಚೂರು ಉಳಿದುಬಿಡುತ್ತದೆ.

ಪ್ರಿಸಿಷನ್ 8ಕ್ಕೆ ಏರಿಸಿ ಎರಡೂ ತುದಿಗೆ ಕೋಆರ್ಡಿನೇಟ್ ತೋರಿಸುವ ಐಡಿ ಕಮಾಂಡ್ ಹೊಡೆದು ನೋಡಿ. ಬಿರುಕು ಸಿಕ್ಕರೆ ಪೆಡಿಟ್‌ನಲ್ಲಿ ಮಲ್ಟಿಪಲ್, ಜಾಯಿನ್ ಕೊಟ್ಟು ಫಜ್ ದೂರ (ಎಷ್ಟು ಬಿರುಕಿನವರೆಗೆ ಸೇರಿಸಬಹುದು ಅನ್ನುವ ಅಂಕಿ) ಹಾಕಿ ಸೇರಿಸಿ. ಹ್ಯಾಚ್‌ನಲ್ಲೂ "ಗ್ಯಾಪ್ ಟಾಲರೆನ್ಸ್" ಇದೆ.

ಇಲ್ಲೊಂದು ಎಚ್ಚರಿಕೆ. ಫಜ್ ದೂರ ಫೈಲಿನ ಯೂನಿಟ್‌ನಲ್ಲಿ ಇರುತ್ತದೆ. ಮಿಲಿಮೀಟರ್ ಫೈಲಿನಲ್ಲಿ 5 ಅಂದರೆ 5 ಎಂಎಂ. ಲೇಔಟ್ ಪ್ಲಾನ್ ಮೀಟರ್‌ನಲ್ಲಿದ್ದರೆ ಅದೇ 5 ಅಂದರೆ 5 ಮೀಟರ್. ಪಕ್ಕದ ಸೈಟಿನ ಮೂಲೆ ಬಂದು ಅಂಟಿಕೊಳ್ಳುತ್ತದೆ. ದೂರ ಝೂಮ್‌ನಲ್ಲಿದ್ದರೆ ಗೊತ್ತೂ ಆಗಲ್ಲ.

ಸರ್ವೇ ಫೈಲಿನಲ್ಲಿ ಝೂಮ್ ಮಾಡಿದರೆ ಗೆರೆ ಕುಣಿಯುತ್ತವೆ, ವೃತ್ತ ಹರಕು ಮುರುಕು ಕಾಣುತ್ತದೆ. ಏನಿದು?

ವೃತ್ತ ಬರೀ ಕೋನ ಕೋನವಾಗಿ ಕಂಡರೆ ರೀಜೆನ್ (ಪರದೆಯ ಚಿತ್ರವನ್ನು ಮತ್ತೆ ಬಿಡಿಸುವ ಕಮಾಂಡ್) ಹೊಡೆಯಿರಿ, ಸರಿಹೋಗುತ್ತದೆ. ಗೆರೆ ಕುಣಿಯುತ್ತಿದ್ದರೆ ಕಾರಣ ಬೇರೆ. ಡ್ರಾಯಿಂಗ್ ಸೊನ್ನೆ ಬಿಂದುವಿನಿಂದ ತುಂಬಾ ದೂರ ಇದೆ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿ) ವಲಯ 43 ಉತ್ತರದಲ್ಲಿ ಬರುತ್ತವೆ. ಈ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. ಕಲಬುರಗಿ ನಗರದಲ್ಲಿ ಪೂರ್ವದ ಅಂಕಿ ಸುಮಾರು 6,94,000 ಮೀಟರ್, ಉತ್ತರದ ಅಂಕಿ ಸುಮಾರು 19,17,000 ಮೀಟರ್. ಅಂದರೆ ಸೇಡಂ ರಸ್ತೆಯ ಪಕ್ಕದ ಒಂದು ಸೈಟು ಡ್ರಾಯಿಂಗಿನ ಸೊನ್ನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರ ಕೂತಿರುತ್ತದೆ.

ಫೈಲಿನಲ್ಲಿ ಉಳಿಯುವ 64 ಬಿಟ್ ಸಂಖ್ಯೆಗೆ ಇದು ಭಾರ ಅಲ್ಲ. ಮಿಲಿಮೀಟರ್‌ಗೆ ಬದಲಿಸಿ 191,70,00,000 ಅಂತ ಬರೆದರೂ ಎರಡು ಪಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ 0.00000024 ಮಿಲಿಮೀಟರ್. ಆದರೆ ಗ್ರಾಫಿಕ್ಸ್ ಕಾರ್ಡುಗಳು ಸಾಮಾನ್ಯವಾಗಿ 32 ಬಿಟ್‌ನಲ್ಲಿ ಚಿತ್ರ ಬಿಡಿಸುತ್ತವೆ. 32 ಬಿಟ್‌ನಲ್ಲಿ 19,17,000 ಮೀಟರಿನ ಹತ್ತಿರ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 0.125 ಮೀಟರ್. ಹನ್ನೆರಡೂವರೆ ಸೆಂಟಿಮೀಟರ್! ಮಧ್ಯದಲ್ಲಿ ಏನೂ ಇಲ್ಲ. ನಾಲ್ಕೂವರೆ ಇಂಚಿನ ಗೋಡೆಯ ಎರಡೂ ಮುಖ ಒಂದೇ ಜಾಗಕ್ಕೆ ಬಂದು ಕೂರಬಹುದು. ಜಾಣ ಸಾಫ್ಟ್‌ವೇರ್‌ಗಳು ದೊಡ್ಡ ಅಂಕಿಯನ್ನು ಮೊದಲೇ ಕಳೆದು ಕಾರ್ಡಿಗೆ ಕಳಿಸುತ್ತವೆ. ಎಲ್ಲವೂ ಹಾಗೆ ಮಾಡಲ್ಲ, ಎಲ್ಲ ಕಡೆಯೂ ಮಾಡಲ್ಲ.

ವಿಸ್ತೀರ್ಣದ ಲೆಕ್ಕದಲ್ಲೂ ಇದು ಒಳಗೆ ನುಸುಳುತ್ತದೆ. ವಿಸ್ತೀರ್ಣ ತೆಗೆಯುವ ಸೂತ್ರ ಪೂರ್ವದ ಅಂಕಿಯನ್ನು ಉತ್ತರದ ಅಂಕಿಯಿಂದ ಗುಣಿಸಿ, ಆಮೇಲೆ ಒಂದರಿಂದ ಒಂದು ಕಳೆಯುತ್ತದೆ. ಮಿಲಿಮೀಟರ್‌ನಲ್ಲಿ ಆ ಗುಣಲಬ್ಧ ಎಷ್ಟು ದೊಡ್ಡದು ಅಂದರೆ, 64 ಬಿಟ್‌ನಲ್ಲೂ ಮೆಟ್ಟಿಲು, ಅಂದರೆ ಪಕ್ಕಪಕ್ಕದ ಸಂಖ್ಯೆಗಳ ಅಂತರ, 256 ಚದರ ಮಿಲಿಮೀಟರ್ ಆಗುತ್ತದೆ. 1200 ಚದರ ಅಡಿ ಸೈಟಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಅದೇ ಜಾಗದಲ್ಲಿ ಒಂದು ಪಿಲ್ಲರಿನ ಡೀಟೇಲ್ ಬಿಡಿಸಿ 12 ಎಂಎಂ ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ ಕೇಳಿದರೆ? ಅದು 113 ಚದರ ಮಿಲಿಮೀಟರ್. ಸೂತ್ರವನ್ನು ಹಾಗೇ ಹಾಕುವ ಸಣ್ಣ ಪ್ರೋಗ್ರಾಂ ಆದರೆ ಉತ್ತರ ಸೊನ್ನೆಯೂ ಬರಬಹುದು, 256ವೂ ಬರಬಹುದು.

ಹಾಗಾದರೆ ಎಲ್ಲವನ್ನೂ ಸೊನ್ನೆಗೆ ಮೂವ್ ಮಾಡಲಾ?

ಮಾಡಿ, ಆದರೆ ಕಣ್ಣಂದಾಜಿನಲ್ಲಿ ಎಳೆದು ಬಿಡಬೇಡಿ. ಸರಿಸಿದ್ದು ಎಷ್ಟು ಅಂತ ಗೊತ್ತಿಲ್ಲದಿದ್ದರೆ ನಾಳೆ ಮತ್ತೆ ಸರ್ವೇ ಬಿಂದುಗಳ ಮೇಲೆ ಕೂರಿಸಲು ಆಗಲ್ಲ. ಪೂರ್ಣ ಸಂಖ್ಯೆ ಆರಿಸಿಕೊಳ್ಳಿ. ಕಲಬುರಗಿಗೆ ಆದರೆ ಪೂರ್ವದಿಂದ 6,90,000, ಉತ್ತರದಿಂದ 19,10,000 ಕಳೆಯಿರಿ. ಮೂವ್ ಕಮಾಂಡಿನಲ್ಲಿ ಅಂಕಿ ಟೈಪ್ ಮಾಡಿ. ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಈಗ ಅಂಕಿಗಳು ನಾಲ್ಕು ಸಾವಿರ, ಏಳು ಸಾವಿರದ ಆಸುಪಾಸಿಗೆ ಬರುತ್ತವೆ, 32 ಬಿಟ್‌ನಲ್ಲೂ ಮೆಟ್ಟಿಲು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ.

ಯುಸಿಎಸ್ (ನಾವೇ ಇಟ್ಟುಕೊಳ್ಳುವ ಸೊನ್ನೆ ಬಿಂದು ಮತ್ತು ದಿಕ್ಕು) ಬದಲಿಸಿದರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸಾಲದು. ಯುಸಿಎಸ್ ನಿಮಗೆ ತೋರಿಸುವ ಅಂಕಿ ಬದಲಿಸುತ್ತದೆ, ಫೈಲಿನಲ್ಲಿ ಹಳೆಯ ದೊಡ್ಡ ಅಂಕಿಯೇ ಇರುತ್ತದೆ.

ಹೈದರಾಬಾದ್‌ನಿಂದ ಬಂದ ಫೈಲ್ ಕೂರದೇ ಇದ್ದರೆ ವಲಯ ನೋಡಿ. ಹೈದರಾಬಾದ್ ವಲಯ 44ರಲ್ಲಿದೆ. ಆ ವಲಯದಲ್ಲಿ ಕಲಬುರಗಿಯ ಪೂರ್ವದ ಅಂಕಿ ಆರು ಲಕ್ಷದ ಬದಲು ಅರವತ್ತು ಸಾವಿರದ ಒಳಗೆ ಬರುತ್ತದೆ. ಇದನ್ನು ಮೂವ್ ಮಾಡಿ ಸರಿಪಡಿಸಲು ಆಗಲ್ಲ, ವಲಯವನ್ನೇ ಬದಲಿಸಿ ಕೊಡಿ ಅಂತ ಕೇಳಬೇಕು.

ಬೀದರ್‌ನಲ್ಲಿ ಟೇಪ್ ಹಿಡಿದ ಉದ್ದಕ್ಕೂ ಕೋಆರ್ಡಿನೇಟ್‌ನಿಂದ ಬಂದ ಉದ್ದಕ್ಕೂ ವ್ಯತ್ಯಾಸ ಬರುತ್ತದೆ. ಕಲಬುರಗಿಯಲ್ಲಿ ಬರಲ್ಲ. ರೌಂಡಿಂಗಾ?

ರೌಂಡಿಂಗ್ ಅಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡು ದಶಮಾಂಶ ಏರಿಸುತ್ತಾ ಕೂರುತ್ತಾರೆ. ಉಂಡೆ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವಾಗ ಯುಟಿಎಂ ಉದ್ದವನ್ನು ಸ್ವಲ್ಪ ಎಳೆಯುತ್ತದೆ ಅಥವಾ ಕುಗ್ಗಿಸುತ್ತದೆ. ವಲಯದ ಮಧ್ಯರೇಖೆ 75 ಡಿಗ್ರಿಯಲ್ಲಿ ಅದು 0.9996 ಪಟ್ಟು. ಅಲ್ಲಿಂದ ದೂರ ಹೋದ ಹಾಗೆ ಹೆಚ್ಚುತ್ತದೆ. ಕಲಬುರಗಿ ಮಧ್ಯರೇಖೆಯಿಂದ ಸುಮಾರು 195 ಕಿಲೋಮೀಟರ್. ಅಲ್ಲಿ ಸ್ಕೇಲ್ ಹೆಚ್ಚೂಕಡಿಮೆ 1ಕ್ಕೆ ಬರುತ್ತದೆ, ಸಮುದ್ರ ಮಟ್ಟದಿಂದ ಇರುವ ಎತ್ತರವೂ ಸೇರಿದರೆ ಹಾಳೆಯ ಉದ್ದ, ನೆಲದ ಉದ್ದ ಬಹುತೇಕ ಸಮ. ಇದು ಬರೀ ಅದೃಷ್ಟ. ಬೀದರ್ ಇನ್ನೂ ಪೂರ್ವಕ್ಕೆ, ಮಧ್ಯರೇಖೆಯಿಂದ 265 ಕಿಲೋಮೀಟರ್‌ಗಿಂತ ಜಾಸ್ತಿ. ಅಲ್ಲಿ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 40 ಸೆಂಟಿಮೀಟರ್ ಹಾಳೆಯಲ್ಲಿ ಜಾಸ್ತಿ ಬರುತ್ತದೆ. ರಸ್ತೆ, ಪೈಪ್‌ಲೈನ್ ಕೆಲಸ ಮಾಡುವವರು ಇದನ್ನು ಸರ್ವೇಯರ್ ಹತ್ತಿರ ಕೇಳಿ ಬರೆದುಕೊಳ್ಳಿ.

ಪಹಣಿಯಲ್ಲಿ 2.20 ಅಂತ ಇದೆ. ಕ್ಯಾಡ್‌ನಲ್ಲಿ ವಿಸ್ತೀರ್ಣ ಯಾಕೆ ಜಾಸ್ತಿ ಬರುತ್ತಿದೆ?

ಆ 2.20 ದಶಮಾಂಶ ಅಲ್ಲ. 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ಇದು ನಮ್ಮ ಕಡೆಯ ಅತಿ ದುಬಾರಿ ತಪ್ಪು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಎಕರೆಗೆ 43,560 ಚದರ ಅಡಿ. 2.20ನ್ನು ಹಾಗೇ ಗುಣಿಸಿದರೆ 95,832 ಚದರ ಅಡಿ. ನಿಜವಾದದ್ದು 1,08,900. ವ್ಯತ್ಯಾಸ 13,068 ಚದರ ಅಡಿ, ಅಂದರೆ 12 ಗುಂಟೆ. 30×40ರ ಸೈಟು ಹತ್ತಿರ ಹತ್ತಿರ ಹನ್ನೊಂದು.

ಇದರ ಮೇಲೆ ಎಕ್ಸೆಲ್ ಬೇರೆ. ನೀವು 2.20 ಅಂತ ಹೊಡೆದರೆ ಅದು ಕೊನೆಯ ಸೊನ್ನೆಯನ್ನು ತಿಂದು 2.2 ಅಂತ ತೋರಿಸುತ್ತದೆ. ಮುಂದೆ ನೋಡಿದವರು ಅದನ್ನು 2 ಎಕರೆ 2 ಗುಂಟೆ ಅಂತ ಓದುತ್ತಾರೆ. ಇನ್ನೊಬ್ಬರು ಎರಡೂವರೆ ಎಕರೆಯನ್ನು 2.5 ಅಂತ ಬರೆದಿದ್ದರೆ ಅದು 2 ಎಕರೆ 5 ಗುಂಟೆ ಆಗುತ್ತದೆ. ಎಕರೆ, ಗುಂಟೆ, ಆಣೆಗೆ ಮೂರು ಬೇರೆ ಕಾಲಂ ಇಡಿ. ಬೇರೆ ದಾರಿ ಇಲ್ಲ.

ಇನ್ನು ಕ್ಯಾಡ್ 10,121.60 ಚದರ ಮೀಟರ್ ಹೇಳುತ್ತದೆ, ಪಹಣಿ ಲೆಕ್ಕ 10,117.14 ಬರುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. ಗುಂಟೆಗೆ 16 ಆಣೆ, ಒಂದು ಆಣೆ ಅಂದರೆ 6.32 ಚದರ ಮೀಟರ್. ನಿಮ್ಮ ವ್ಯತ್ಯಾಸ ಒಂದು ಆಣೆಯೂ ಇಲ್ಲ. ದಾಖಲೆಯೇ ಅದಕ್ಕಿಂತ ಸಣ್ಣದಾಗಿ ಅಳೆಯದಿದ್ದಾಗ ಹೊಲದ ಬಾಂದಕಲ್ಲನ್ನು ಮಿಲಿಮೀಟರಿಗೆ ಹುಡುಕಿ ಏನು ಮಾಡೋದು?

ಅಡಿಯಿಂದ ಮೀಟರಿಗೆ ಬದಲಿಸುವಾಗ ಯಾವ ಅಂಕಿ ಬಳಸಬೇಕು?

ಒಂದು ಅಡಿ ಅಂದರೆ 0.3048 ಮೀಟರ್, ಒಂದು ಇಂಚು ಅಂದರೆ 25.4 ಮಿಲಿಮೀಟರ್. ಇವು ಅಂದಾಜಲ್ಲ, 1959ರಿಂದ ಒಪ್ಪಿಕೊಂಡಿರುವ ಪಕ್ಕಾ ಅಂಕಿಗಳು. ಇವನ್ನೇ ಬಳಸಿ. ಎಲ್ಲರ ಬಾಯಲ್ಲಿರುವ 3.28 ಅಂದಾಜು. ಅದರಿಂದ ಒಂದು ಕಿಲೋಮೀಟರ್ ರಸ್ತೆಯಲ್ಲಿ 25 ಸೆಂಟಿಮೀಟರಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಇಂಚಿನ ಫೈಲನ್ನು ಅಡಿಗೆ ತರಲು 0.0833 ಹಾಕಿದರೆ 40 ಅಡಿಯಲ್ಲಿ ಐದು ಮಿಲಿಮೀಟರ್ ಹೋಗುತ್ತದೆ. ಸ್ಕೇಲ್ ಕಮಾಂಡಿಗೆ 1/12 ಅಂತಲೇ ಕೊಡಬಹುದು, ಅಥವಾ ರೆಫರೆನ್ಸ್ ಆಯ್ಕೆ ಬಳಸಿ.

30×40 ಸೈಟನ್ನೇ ನೋಡಿ. ಪಕ್ಕಾ ಅಳತೆ 9.144 ಮತ್ತು 12.192 ಮೀಟರ್. ಎರಡು ದಶಮಾಂಶಕ್ಕೆ 9.14 × 12.19 ಮಾಡಿ ಮತ್ತೆ ಅಡಿಗೆ ತಂದರೆ 1199.28 ಚದರ ಅಡಿ. 9.15 × 12.20 ಮಾಡಿದರೆ 1201.58. ಒಂದು ದಶಮಾಂಶಕ್ಕೆ 9.1 × 12.2 ಮಾಡಿದರೆ 1195. ಸೈಟು ಅದೇ, ಕಾಗದದಲ್ಲಿ ಮೂರು ವಿಸ್ತೀರ್ಣ. ಮೊದಲು ಗುಣಿಸಿ, ಆಮೇಲೆ ಒಂದೇ ಸಲ ರೌಂಡ್ ಮಾಡಿ.

ಯೂನಿಟ್ ಪಟ್ಟಿಯಲ್ಲಿ "ಯುಎಸ್ ಸರ್ವೇ ಫೀಟ್" ಅಂತ ಇನ್ನೊಂದು ಕಾಣುತ್ತದೆ. ಅದು ಅಮೆರಿಕದ ಹಳೆಯ ಅಡಿ, 2022ರ ಕೊನೆಗೆ ಅವರೇ ಅದನ್ನು ಕೈಬಿಟ್ಟರು. ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ, ಆದರೆ 19,17,000 ಮೀಟರಿನ ಅಂಕಿಗೆ ಅದು 3.8 ಮೀಟರ್. ಫೈಲ್ ಪೂರ್ತಿ ಉತ್ತರ ದಕ್ಷಿಣಕ್ಕೆ ಅಷ್ಟು ಸರಿದಿದ್ದರೆ ಮೊದಲು ಇದನ್ನು ಅನುಮಾನಿಸಿ.

ಜರಡಿ ಶೀಟಿನ ತೂತುಗಳು ಕೊನೆಗೆ ಬರುವಷ್ಟರಲ್ಲಿ ತಪ್ಪುತ್ತವೆ. ಲೇಸರ್ ಮಷಿನ್ ದೋಷವಾ?

ಕಪನೂರು ಕಡೆಯ ದಾಲ್ ಮಿಲ್ ಕೆಲಸ ಮಾಡುವವರ ಪ್ರಶ್ನೆ ಇದು. ಒಂದು ಮೀಟರ್ ಶೀಟಿನಲ್ಲಿ 120 ಸಮ ಅಂತರ ಬೇಕು ಅಂದರೆ ಒಂದೊಂದು 8.3333 ಮಿಲಿಮೀಟರ್. 8.33 ಅಂತ ಟೈಪ್ ಮಾಡಿ ಕಾಪಿ ಹೊಡೆಯುತ್ತಾ ಹೋದರೆ ಕೊನೆಯಲ್ಲಿ 999.6ಕ್ಕೆ ನಿಲ್ಲುತ್ತೀರಿ. 8.3 ಹಾಕಿದ್ದರೆ 996, ನಾಲ್ಕು ಎಂಎಂ ಕಡಿಮೆ. ತೊಗರಿ ಬೇಳೆಗೆ ಇದು ಗೊತ್ತಾಗಲ್ಲ. ಫ್ರೇಮಿನ ಬೋಲ್ಟಿಗೆ ಗೊತ್ತಾಗುತ್ತದೆ.

ಮಷಿನ್ ಬೈಯುವ ಮೊದಲು ಸಾಲಾಗಿ ಕಾಪಿ ಹಾಕುವ ಅರೇ ಕಮಾಂಡಿನಲ್ಲಿ ಒಟ್ಟು ದೂರ ಮತ್ತು ಸಂಖ್ಯೆ ಕೊಡಿ, ಇಲ್ಲವೇ ಒಂದು ಗೆರೆ ಎಳೆದು ಡಿವೈಡ್ ಮಾಡಿ. ಆಗ ಸಾಫ್ಟ್‌ವೇರ್ ಪ್ರತಿ ತೂತನ್ನೂ ಒಟ್ಟು ಉದ್ದದಿಂದ ಲೆಕ್ಕ ಹಾಕುತ್ತದೆ, ಹಿಂದಿನ ತೂತಿನಿಂದ ಅಲ್ಲ. ಲೇಸರ್ ಸೀಳುವ ಸಂದಿಯೇ ಮಿಲಿಮೀಟರಿನ ಒಂದೆರಡು ಹತ್ತನೇ ಭಾಗ ಇರುತ್ತದೆ, ಅದನ್ನು ಕಟಿಂಗ್ ಮಾಡುವವರು ನೋಡಿಕೊಳ್ಳುತ್ತಾರೆ.

ಕೋನಕ್ಕೆ ಎಷ್ಟು ದಶಮಾಂಶ ಸಾಕು?

ಉದ್ದಕ್ಕಿಂತ ಕೋನ ಜಾಸ್ತಿ ಮೋಸ ಮಾಡುತ್ತದೆ. ಆಟೋಕ್ಯಾಡ್ ಶುರುವಿನಲ್ಲಿ ಕೋನವನ್ನು ಸೊನ್ನೆ ದಶಮಾಂಶಕ್ಕೆ ತೋರಿಸುತ್ತದೆ. 45.43 ಡಿಗ್ರಿ ಇದ್ದಿದ್ದು 45 ಅಂತ ಕಾಣುತ್ತದೆ. ಒಂದು ದಶಮಾಂಶಕ್ಕೆ ರೌಂಡ್ ಮಾಡಿದರೂ 100 ಮೀಟರ್ ದೂರದಲ್ಲಿ ಬಿಂದು 8.7 ಸೆಂಟಿಮೀಟರ್‌ವರೆಗೆ ಸರಿಯಬಹುದು. ಡಿಗ್ರಿ, ನಿಮಿಷಕ್ಕೆ ರೌಂಡ್ ಮಾಡಿದರೆ ಒಂದೂವರೆ ಸೆಂಟಿಮೀಟರ್ ಒಳಗೆ ಉಳಿಯುತ್ತದೆ. ಲೇಔಟ್ ಗಡಿಗೆ ಸೆಕೆಂಡ್‌ವರೆಗೂ ಇಡಿ.

ಕಾಲುವೆ ಕೆಲಸದಲ್ಲಂತೂ ಕೋನ ಬಳಸಲೇಬೇಡಿ. ತಳದ ಇಳಿಜಾರು 10,000ಕ್ಕೆ 1 ಅಂದುಕೊಳ್ಳಿ, ಕಿಲೋಮೀಟರಿಗೆ 10 ಸೆಂಟಿಮೀಟರ್ ಇಳಿಯಬೇಕು. ಡಿಗ್ರಿಯಲ್ಲಿ ಅದು 0.00573. ಎರಡು ದಶಮಾಂಶಕ್ಕೆ 0.01 ಆಗುತ್ತದೆ, ಆಗ ಕಿಲೋಮೀಟರಿಗೆ 17.5 ಸೆಂಟಿಮೀಟರ್ ಇಳಿಯುತ್ತದೆ. ಶಹಾಪುರ, ಸುರಪುರ ಕಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸಬೇಕಾದವರಿಗೆ ಈ ವ್ಯತ್ಯಾಸ ಏನು ಅಂತ ಹೇಳಬೇಕಾಗಿಲ್ಲ. ಎರಡು ತುದಿಯ ಮಟ್ಟ ಕೊಟ್ಟು ಗೆರೆ ಎಳೆಯಿರಿ.

ಎರಡು ಗೆರೆ ಸೇರುವ ಬಿಂದು ಪ್ರತಿ ಸಲ ಬೇರೆ ಬೇರೆ ಬರುತ್ತದೆ.

ಗೆರೆಗಳು ಹೆಚ್ಚೂಕಡಿಮೆ ಸಮಾನಾಂತರ ಇರಬೇಕು. ನಡುವಿನ ಕೋನ 0.1 ಡಿಗ್ರಿ ಇದ್ದರೆ, ಒಂದು ಗೆರೆ 1 ಎಂಎಂ ಸರಿದರೆ ಸಾಕು, ಸೇರುವ ಬಿಂದು 573 ಎಂಎಂ ಓಡಿಹೋಗುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಆ ಬಿಂದುವನ್ನು ಸೈಟಿನಲ್ಲೇ ಅಳೆದು ತನ್ನಿ.

ಬೇರೆ ಸಾಫ್ಟ್‌ವೇರ್‌ಗೆ ಕಳಿಸಿದಾಗ ಸಣ್ಣ ಗೆರೆ, ಸಣ್ಣ ಮುಖ ಮಾಯ ಆಗುತ್ತವೆ. ಯಾಕೆ?

ಪ್ರತಿ ಸಾಫ್ಟ್‌ವೇರಿಗೂ "ಇದಕ್ಕಿಂತ ಸಣ್ಣದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ" ಅನ್ನುವ ಒಂದು ಮಿತಿ ಇದೆ. ಸ್ಕೆಚ್‌ಅಪ್‌ಗೆ ಅದು ಇಂಚಿನ ಸಾವಿರದ ಒಂದು ಭಾಗ. ಸಣ್ಣ ನಕ್ಕಾಶಿ, ಮೌಲ್ಡಿಂಗ್ ಮಾಡುವ ಇಂಟೀರಿಯರ್‌ನವರು ಮಾಡೆಲನ್ನು ನೂರು ಪಟ್ಟು ದೊಡ್ಡದು ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಚಿಕ್ಕದು ಮಾಡುವುದು ಇದಕ್ಕೇ. ರೆವಿಟ್‌ನಲ್ಲಿ ಇಂಚಿನ 1/32ಕ್ಕಿಂತ, ಅಂದರೆ ಸುಮಾರು 0.8 ಎಂಎಂಗಿಂತ ಚಿಕ್ಕ ಗೆರೆ ಎಳೆಯಲು ಬಿಡುವುದೇ ಇಲ್ಲ. ಮಾಡೆಲ್ ಅದರ ಒಳಗಿನ ಮೂಲ ಬಿಂದುವಿನಿಂದ 16 ಕಿಲೋಮೀಟರ್ ಒಳಗೆ ಇರಬೇಕು ಅಂತಲೂ ಹೇಳುತ್ತದೆ. ಯುಟಿಎಂ ಅಂಕಿ ಹಾಗೇ ತಂದು ಸುರಿದರೆ ಎಚ್ಚರಿಕೆ ಕೊಡುವುದು ಅದಕ್ಕೇ.

3ಡಿ ಪ್ರಿಂಟಿಗೆ ಕಳಿಸುವ ಬೈನರಿ ಎಸ್‌ಟಿಎಲ್ ಫೈಲ್ ಇನ್ನೂ ಬಿಗಿ, ಅದರಲ್ಲಿ ಸಂಖ್ಯೆಗಳೇ 32 ಬಿಟ್. ಬೀದರ್ ಕೋಟೆಯ ಒಂದು ಕಮಾನನ್ನು ಸರ್ವೇ ಕೋಆರ್ಡಿನೇಟ್‌ನಲ್ಲೇ ಎಸ್‌ಟಿಎಲ್ ಮಾಡಿದರೆ ಕಮಾನಿನ ಬದಲು ಮೆಟ್ಟಿಲು ಬರುತ್ತದೆ. ಸೊನ್ನೆಗೆ ತಂದ ಮೇಲೆ ಕಳಿಸಿ. ಬೇರೆ ಸಾಫ್ಟ್‌ವೇರಿಗೆ ಕೊಡುವ ಡಿಎಕ್ಸ್‌ಎಫ್ ಫೈಲ್ ಆದರೆ ಉಳಿಸುವಾಗ ದಶಮಾಂಶ 16 ಇದೆಯಾ ನೋಡಿ, ಅಷ್ಟೇ.

ಲಿಸ್ಪ್ (ಆಟೋಕ್ಯಾಡ್‌ಗೆ ಸಣ್ಣ ಪ್ರೋಗ್ರಾಂ ಬರೆಯುವ ಭಾಷೆ) ಬರೆಯುತ್ತೇನೆ. ಎರಡು ಬಿಂದು ಒಂದೇ ಇದ್ದರೂ ಸಮ ಅಲ್ಲ ಅನ್ನುತ್ತದೆ.

ದಶಮಾಂಶ ಸಂಖ್ಯೆಗೆ ಬರೀ ಸಮ ಚಿಹ್ನೆ ಬಳಸಬೇಡಿ. ಈಕ್ವಲ್ ಫಂಕ್ಷನ್ ಬಳಸಿ, ಮೂರನೇ ಜಾಗದಲ್ಲಿ ಎಷ್ಟು ವ್ಯತ್ಯಾಸ ಪರವಾಗಿಲ್ಲ ಅನ್ನುವ ಅಂಕಿ ಕೊಡಿ. ಇನ್ನೊಂದು, 1ನ್ನು 3ರಿಂದ ಭಾಗಿಸಿದರೆ ಆಟೋಲಿಸ್ಪ್ ಸೊನ್ನೆ ಕೊಡುತ್ತದೆ, ಎರಡೂ ಪೂರ್ಣಾಂಕ ಅಂತ. 1.0 ಅಂತ ಬರೆಯಿರಿ. ಕಮಾಂಡ್ ಸಾಲಿನಲ್ಲಿ ಕಾಣುವ ಉತ್ತರ ಆರು ಅಂಕಿಗೆ ಮೊಟಕಾಗಿರುತ್ತದೆ, ಒಳಗೆ ಪೂರ್ತಿ ಇದೆ.

ಹಳೆಯ ಫೈಲ್ ಶುಚಿ ಮಾಡಲು ಓವರ್‌ಕಿಲ್ (ಒಂದರ ಮೇಲೊಂದು ಬಿದ್ದ ಗೆರೆ ಅಳಿಸುವ ಕಮಾಂಡ್) ಹೊಡೆಯಬಹುದಾ?

ಹೊಡೆಯಬಹುದು, ಕಾಪಿ ಇಟ್ಟುಕೊಂಡು. ಟಾಲರೆನ್ಸ್ ತೀರಾ ಸಣ್ಣದಿಡಿ. ಅದೂ ಫೈಲಿನ ಯೂನಿಟ್‌ನಲ್ಲೇ ಇರುತ್ತದೆ ಅನ್ನುವುದು ನೆನಪಿರಲಿ.

ಕೊನೆಗೆ ಹಾಳೆಯ ಮೇಲೆ ಎಷ್ಟು ದಶಮಾಂಶ ಬರೆಯಲಿ?

ಮನೆ ಪ್ಲಾನ್ ಮಿಲಿಮೀಟರ್‌ನಲ್ಲಿ, ದಶಮಾಂಶ ಬೇಡ. ಅಡಿ ಇಂಚಿನಲ್ಲಿ ಬೇಕೆಂದರೆ ಅರ್ಧ ಇಂಚಿನವರೆಗೆ. ಲೇಔಟ್ ಮೀಟರ್‌ನಲ್ಲಿ ಎರಡು ದಶಮಾಂಶ, ಬಾಂದಕಲ್ಲುಗಳ ಕೋಆರ್ಡಿನೇಟ್‌ಗೆ ಮೂರು. ಶೀಟ್ ಮೆಟಲ್, ಮಷಿನ್ ಭಾಗಗಳಿಗೆ 0.1 ಅಥವಾ ಅವರು ಕೇಳಿದಷ್ಟು. 1:500ರ ಹಾಳೆಯಲ್ಲಿ 0.25 ಎಂಎಂ ದಪ್ಪದ ಗೆರೆಯೇ ನೆಲದ ಮೇಲೆ ಹನ್ನೆರಡೂವರೆ ಸೆಂಟಿಮೀಟರ್ ಅಗಲ ಆಗುತ್ತದೆ, ಅದರ ಪಕ್ಕದಲ್ಲಿ 12.1923 ಅಂತ ಬರೆದರೆ ಓದುವವರು ನಗುತ್ತಾರೆ.

ಮೊಬೈಲಿನ ಜಿಪಿಎಸ್ ಎಂಟು ದಶಮಾಂಶ ಕೊಡುತ್ತದೆ. ಅದನ್ನೇ ಕ್ಯಾಡ್‌ಗೆ ಹಾಕಲಾ?

ಅಕ್ಷಾಂಶದ ಐದನೇ ದಶಮಾಂಶ ಅಂದರೆ ನೆಲದ ಮೇಲೆ ಸುಮಾರು 1.1 ಮೀಟರ್, ಆರನೆಯದು 11 ಸೆಂಟಿಮೀಟರ್, ಎಂಟನೆಯದು ಒಂದು ಮಿಲಿಮೀಟರ್. ಮೊಬೈಲ್ ತಾನೇ ಹಲವು ಮೀಟರ್ ಆಚೀಚೆ ಇರುತ್ತದೆ. ಸೈಟು ಊರಿನ ಯಾವ ಕಡೆ ಇದೆ ಅಂತ ತೋರಿಸಲು ಹಾಕಿ. ಗಡಿ ಎಳೆಯಲು ಬೇಡ, ಅದಕ್ಕೆ ಟೋಟಲ್ ಸ್ಟೇಷನ್ ತರಿಸಿ.